ಕಳೆದುಹೋದ ಗೀತನಾಟಕ, ಬವೇರಿಯದ ತೋಳ: ‘ದ ಬೀಸ್ಟ್ ವಿದಿನ್’ ಎಂಬ ಕಂಪ್ಯೂಟರ್ ಆಟದ ಚರಿತ್ರೆ

ಯೂರೋಪಿನ ಭಯಾನಕ ಕಥಾಪರಂಪರೆಯಲ್ಲಿ ಗಾಥಿಕ್ ಎಂದು ಹೆಸರಾದ ಶಾಖೆಯು ತನ್ನ ಜನ್ಮಕಾಲದಲ್ಲಿಯೇ ಒಂದು ಸುಳ್ಳು ಹಸ್ತಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದಿತು. 1764ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ ಎಂಬ ಆಖ್ಯಾಯಿಕೆಯ ಮುಖಪುಟದಲ್ಲಿ ಅದರ ನಿಜವಾದ ಕರ್ತೃವಾದ ಹೊರೇಸ್ ವಾಲ್ಪೋಲನ ಹೆಸರೇ ಇರಲಿಲ್ಲ. ಉತ್ತರ ಇಂಗ್ಲೆಂಡಿನ ಪ್ರಾಚೀನ ಕ್ಯಾಥೊಲಿಕ್ ಮನೆತನವೊಂದರ ಗ್ರಂಥಭಂಡಾರದಲ್ಲಿ ದೊರೆತ, 1529ರಲ್ಲಿ ನೇಪಲ್ಸಿನಲ್ಲಿ ಅಚ್ಚಾದ ಇಟಾಲಿಯನ್ ಪುಸ್ತಕವೊಂದರ ಭಾಷಾಂತರವಿದೆಂದು ಮುನ್ನುಡಿಯು ಗಂಭೀರವಾಗಿ ಸಾರುತ್ತಿದ್ದಿತು. ಮರುವರ್ಷ ಎರಡನೆಯ ಮುದ್ರಣ ಹೊರಬಂದಾಗ ಮಾತ್ರ ವಾಲ್ಪೋಲನು ತೆರೆಯ ಹಿಂದಿನಿಂದ ಈಚೆಗೆ ಬಂದು, ಕೃತಿಯು ತನ್ನದೇ ಎಂದು ಒಪ್ಪಿಕೊಂಡು, ಅದಕ್ಕೆ ‘ಗಾಥಿಕ್ ಕಥೆ’ ಎಂಬ ಉಪನಾಮವನ್ನು ಜೋಡಿಸಿದನು. ಅದೇ ಮಹಾಶಯನು ಟ್ವಿಕನ್‌ಹ್ಯಾಮಿನ ತನ್ನ ಸ್ಟ್ರಾಬೆರಿ ಹಿಲ್ ಭವನದ ಛಾವಣಿಗಳಿಗೆ ಮಧ್ಯಯುಗದ ಶಿಲಾಕಮಾನುಗಳ ಆಕಾರವನ್ನು ಕಾಗದದ ಮುದ್ದೆಯಿಂದ ಮಾಡಿಸಿದ್ದನೆಂಬುದನ್ನು ಇದರ ಜೊತೆಗೇ ನೆನೆಯಬೇಕು. ಕೃತಕವಾದ ಕೋಟೆ, ಕೃತಕವಾದ ಹಸ್ತಪ್ರತಿ, ಇವೆರಡರ ನಡುವೆ ಸತ್ಯವಾದ ಭೀತಿ: ಈ ಪ್ರಕಾರದ ಮೂಲಬಂಡವಾಳವೆಲ್ಲ ಇಷ್ಟೆ.

ಪ್ರಕೃತ ಲೇಖನದ ವಿಷಯವು 1995ರ ಡಿಸೆಂಬರಿನಲ್ಲಿ ಅಮೆರಿಕೆಯ ಸಿಯೆರಾ ಆನ್‌ಲೈನ್ ಸಂಸ್ಥೆಯು ಹೊರತಂದ ‘ದ ಬೀಸ್ಟ್ ವಿದಿನ್: ಎ ಗೇಬ್ರಿಯಲ್ ನೈಟ್ ಮಿಸ್ಟರಿ’ ಎಂಬ ಕಂಪ್ಯೂಟರ್ ಆಟ. ಎರಡು ವರ್ಷ ಮೊದಲು ಬಂದಿದ್ದ ಆಟವೊಂದರ ಉತ್ತರಭಾಗವಿದು. ಆಟವೆಂದೊಡನೆ ಮಕ್ಕಳ ಕಾಲಕ್ಷೇಪವೆಂದು ಮೂಗುಮುರಿಯುವ ಪಂಡಿತರಿನ್ನೂ ಇರುವುದರಿಂದ ಒಂದು ಮಾತನ್ನು ಮೊದಲಿಗೇ ಹೇಳಿಬಿಡುವುದು ಲೇಸು: ವಾಲ್ಪೋಲನ ಆ ಹಳೆಯ ಉಪಾಯವನ್ನು, ಎಂದರೆ ಸುಳ್ಳು ದಸ್ತಾವೇಜನ್ನು ನಿಜವಾದ ಸ್ಥಳದಲ್ಲಿ ಇರಿಸಿ ಓದುಗನ ವಿವೇಕವನ್ನೇ ಭೀತಿಯ ಬಾಗಿಲನ್ನಾಗಿ ಮಾಡುವ ಉಪಾಯವನ್ನು, ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇಷ್ಟು ಸಮರ್ಥವಾಗಿ ಪುನಃ ಪ್ರಯೋಗಿಸಿದ ಕೃತಿಗಳು ಅಚ್ಚಿನ ಸಾಹಿತ್ಯದಲ್ಲಿಯೂ ವಿರಳ. ಈ ಆಟದ ತೋಳಕ್ಕಿಂತ ಅದರ ಗ್ರಂಥಭಂಡಾರಗಳೂ ವಸ್ತುಸಂಗ್ರಹಾಲಯಗಳೂ ನನಗೆ ಮುಖ್ಯವಾಗಿ ತೋರಿರುವುದು ಈ ಕಾರಣದಿಂದಲೇ.

ಸಿಯೆರಾ ಸಂಸ್ಥೆಯ ಪೂರ್ವೋತ್ತರವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1979ರಲ್ಲಿ ಕೆನ್ ವಿಲಿಯಮ್ಸ್ ಮತ್ತು ರಾಬರ್ಟಾ ವಿಲಿಯಮ್ಸ್ ಎಂಬ ದಂಪತಿಗಳು ಸ್ಥಾಪಿಸಿದ ಈ ಸಂಸ್ಥೆಯು 1980ರ ‘ಮಿಸ್ಟರಿ ಹೌಸ್’ ಆಟದಲ್ಲಿ ಅಕ್ಷರಗಳ ಜೊತೆಗೆ ಗೆರೆಚಿತ್ರಗಳನ್ನು ತಂದಿತು. 1984ರ ‘ಕಿಂಗ್ಸ್ ಕ್ವೆಸ್ಟ್’ ಆಟದಿಂದ ಅದರ ಕೀರ್ತಿ ಸ್ಥಿರವಾಯಿತು. ಅಡ್ವೆಂಚರ್ ಆಟವೆಂದು ಆಟಗಾರರು ಕರೆಯುವ ಈ ಬಗೆಯಲ್ಲಿ ಕೈಚಳಕಕ್ಕೆ ಬೆಲೆ ಕಡಮೆ. ಕಂಡದ್ದನ್ನು ಕೂಲಂಕಷವಾಗಿ ನೋಡುವುದು, ಸಿಕ್ಕಿದ ವಸ್ತುವನ್ನು ಚೀಲಕ್ಕೆ ಸೇರಿಸುವುದು, ಎದುರಾದವರನ್ನು ಮಾತನಾಡಿಸುವುದು, ಒಂದೆಡೆಯ ಸುಳಿವನ್ನು ಇನ್ನೊಂದೆಡೆಯ ತೊಡಕಿಗೆ ಹೊಂದಿಸುವುದು ಇಲ್ಲಿಯ ಕರ್ಮ. ಜೇನ್ ಜೆನ್ಸನ್ ಎಂಬ ಲೇಖಕಿಯು ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಪ್ರೋಗ್ರಾಮುಗಳನ್ನು ಬರೆಯುವ ಉದ್ಯೋಗವನ್ನು ಮಾಡಿ ಬಳಿಕ ಸಿಯೆರಾಕ್ಕೆ ಬಂದು, ರಾಬರ್ಟಾ ವಿಲಿಯಮ್ಸರೊಡನೆ 1992ರ ‘ಕಿಂಗ್ಸ್ ಕ್ವೆಸ್ಟ್’ ಆರನೆಯ ಭಾಗದ ರಚನೆಯಲ್ಲಿ ಕೈಗೂಡಿಸಿದ ಮೇಲೆ, ಸ್ವತಂತ್ರವಾಗಿ ಕಲ್ಪಿಸಿದ ಮೊದಲ ಪ್ರಮುಖ ಕೃತಿಯೇ 1993ರ ‘ಗೇಬ್ರಿಯಲ್ ನೈಟ್: ಸಿನ್ಸ್ ಆಫ್ ದ ಫಾದರ್ಸ್’. ಅದರ ನಾಯಕನು ನ್ಯೂ ಆರ್ಲಿಯನ್ಸ್ ನಗರದಲ್ಲಿ ಹಳೆಯ ಪುಸ್ತಕಗಳ ಅಂಗಡಿಯಿಟ್ಟುಕೊಂಡು, ಮಾರಾಟವಾಗದ ಕಾದಂಬರಿಗಳನ್ನು ಬರೆಯುತ್ತ, ಸಾಲದಲ್ಲಿಯೂ ಸರಸದಲ್ಲಿಯೂ ದಿನ ಕಳೆಯುವ ತರುಣ. ವೂಡೂ ಸಂಬಂಧದ ಕೊಲೆಗಳ ಬೆನ್ನುಹತ್ತಿದ ಇವನಿಗೆ, ತಾನು ಜರ್ಮನಿಯ ರಿಟರ್ ಎಂಬ ಪುರಾತನ ವಂಶದ ಕುಡಿಯೆಂದೂ, ಅಮಾನುಷಶಕ್ತಿಗಳನ್ನು ಎದುರಿಸುವ ಷಾಟೆನ್‌ಯೇಗರ್ ಎಂಬ ಛಾಯಾಬೇಟೆಗಾರನ ಪದವಿಯು ತನಗೆ ವಂಶಪಾರಂಪರ್ಯವಾಗಿ ಬಂದಿದೆಯೆಂದೂ ತಿಳಿಯುವುದು. ಅಂಗಡಿಯ ಸಹಾಯಕಿಯಾದ ಗ್ರೇಸ್ ನಕಿಮುರ ಎಂಬ ಜಪಾನೀ ಮೂಲದ ಅಮೆರಿಕನ್ ಯುವತಿಯು ಅಲ್ಲಿ ನಾಯಕನಿಗಾಗಿ ಗ್ರಂಥಾಲಯಗಳನ್ನು ಶೋಧಿಸಿ ಕೊಡುವ ಉಪಪಾತ್ರ ಮಾತ್ರ. ಟಿಮ್ ಕರಿ ಎಂಬ ಪ್ರಖ್ಯಾತ ನಟನು ನಾಯಕನಿಗೆ ಧ್ವನಿ ಕೊಟ್ಟಿದ್ದನು. ದೃಶ್ಯಗಳೆಲ್ಲ ಕೈಯಿಂದ ಬರೆದ ಚಿತ್ರಗಳು.

ಉತ್ತರಭಾಗವನ್ನು ಬರೆಯುವವರಿಗೆ ಎಂದಿಗೂ ಇರುವ ಸಂಕಟವು ಪೂರ್ವಭಾಗದ ನೆರಳೇ. ಜೆನ್ಸನ್ ಈ ಸಂಕಟಕ್ಕೆ ಕಂಡುಕೊಂಡ ಪರಿಹಾರವು ಧೈರ್ಯದ್ದೆನ್ನಬೇಕು: ಅವರು ಊರನ್ನು ಬದಲಾಯಿಸಿದರು, ಭೂತವನ್ನು ಬದಲಾಯಿಸಿದರು, ಮಾಧ್ಯಮವನ್ನೂ ಬದಲಾಯಿಸಿದರು. ಕಥೆಯು ಮಿಸಿಸಿಪ್ಪಿಯ ದಡದಿಂದ ಬವೇರಿಯದ ಕಾಡುಗಳಿಗೆ ಬಂದಿತು. ವೂಡೂವಿನ ಸ್ಥಾನಕ್ಕೆ ತೋಳಮನುಷ್ಯನು ಬಂದನು. ಕೈಚಿತ್ರಗಳ ಸ್ಥಾನಕ್ಕೆ ಸಜೀವ ನಟರ ಚಲಚ್ಚಿತ್ರವು ಬಂದಿತು. ಸಿ.ಡಿ. ಎಂಬ ಬಿಲ್ಲೆಯೊಂದು ಸುಮಾರು 650 ಮೆಗಾಬೈಟುಗಳನ್ನು ತುಂಬಿಕೊಳ್ಳಬಲ್ಲುದಾದ ಮೇಲೆ, ಆಟಗಳಲ್ಲಿ ಸಿನಿಮಾವನ್ನೇ ಇಡಬಹುದೆಂಬ ಹುಮ್ಮಸ್ಸು ಆ ಉದ್ಯಮವನ್ನು ಹಿಡಿದಿದ್ದ ಕಾಲವದು. 1993ರ ‘ದ ಸೆವೆಂತ್ ಗೆಸ್ಟ್’ ದೆವ್ವದ ಮನೆಯೊಂದರಲ್ಲಿ ನಟರನ್ನು ಓಡಾಡಿಸಿತ್ತು. 1995ರಲ್ಲಿಯೇ ಸಿಯೆರಾದಿಂದ ರಾಬರ್ಟಾ ವಿಲಿಯಮ್ಸರ ‘ಫ್ಯಾಂಟಾಸ್ಮಗೋರಿಯ’ ಏಳು ಬಿಲ್ಲೆಗಳಲ್ಲಿ ಬಂದು ಚೆನ್ನಾಗಿ ಮಾರಾಟವಾಗಿದ್ದಿತು. ‘ದ ಬೀಸ್ಟ್ ವಿದಿನ್’ ಆರು ಬಿಲ್ಲೆಗಳನ್ನು ತುಂಬಿತು. ವಿಲ್ ಬೈಂಡರ್ ಅದರ ನಿರ್ದೇಶಕನು. ಡೀನ್ ಎರಿಕ್ಸನ್ ಗೇಬ್ರಿಯಲನಾಗಿಯೂ, ಜೋಆನ್ ತಕಹಾಶಿ ಗ್ರೇಸಳಾಗಿಯೂ, ಪೀಟರ್ ಜೆ. ಲೂಕಸ್ ಬ್ಯಾರನ್ ಫ್ರೀಡ್ರಿಕ್ ಫಾನ್ ಗ್ಲೋವರನಾಗಿಯೂ ಅಭಿನಯಿಸಿದರು. ನಟರು ನೀಲಿ ಪರದೆಯ ಮುಂದೆ ನಿಂತು ಅಭಿನಯಿಸಿದರು. ಅವರ ಹಿಂದೆ ಬವೇರಿಯದಲ್ಲಿ ತೆಗೆದ ನಿಶ್ಚಲ ಛಾಯಾಚಿತ್ರಗಳನ್ನು ಆಮೇಲೆ ಕೂಡಿಸಲಾಯಿತು.

ಈ ಕೂಡಿಕೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಬಡತನವು ಕೂಡಲೇ ಗೋಚರವಾಗುವುದು. ಛಾಯಾಚಿತ್ರದಲ್ಲಿ ಮ್ಯೂನಿಕ್ಕಿನ ಮಾರಿಯನ್‌ಪ್ಲಾಟ್ಸ್ ಚೌಕವು ಮಧ್ಯಾಹ್ನದ ಒಂದು ಕ್ಷಣದಲ್ಲಿ ಹೆಪ್ಪುಗಟ್ಟಿ ನಿಂತಿದೆ. ಅದರ ಮುಂದೆ ಚರ್ಮದ ಅಂಗಿ ತೊಟ್ಟ ನಾಯಕನು ನೆರಳು ಸರಿಯಾಗಿ ಬೀಳದೆ, ನೆಲಕ್ಕೆ ಕಾಲು ತಾಗಿಯೂ ತಾಗದಂತೆ ನಡೆದುಬರುತ್ತಾನೆ. ಅಂದಿನ ಯಂತ್ರಗಳ ಶಕ್ತಿ ಸಾಲದೆ ಚಲಚ್ಚಿತ್ರದ ಭಾಗಗಳನ್ನು ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ತೋರಿಸಿದ್ದರಿಂದ, ಮುಖಗಳ ಮೇಲೆಲ್ಲ ಕಪ್ಪು ಗೀರುಗಳು ಅಡ್ಡಡ್ಡಲಾಗಿ ಓಡುವುವು. ಇದನ್ನು ದೋಷವೆಂದೇ ಅಂದಿನ ಅನೇಕರು ಎಣಿಸಿದರು. ಆದರೆ ಕಥೆಯ ವಸ್ತುವನ್ನು ಬಲ್ಲವರು ಇಲ್ಲಿ ಸ್ವಲ್ಪ ನಿಧಾನಿಸಬೇಕಾಗುತ್ತದೆ; ಏಕೆಂದರೆ ಆಟದ ನಡುಗಂಬವಾದ ನಾಯ್‌ಶ್ವಾನ್‌ಸ್ಟೈನ್ ಕೋಟೆಯೇ ಒಂದು ರಂಗಸಜ್ಜಿಕೆ. ಅದರ ಕಲ್ಪನಾಚಿತ್ರಗಳನ್ನು ಮೊದಲು ಬರೆದಾತನು ಕ್ರಿಶ್ಚಿಯನ್ ಯಾಂಕ್ ಎಂಬ ನಾಟಕಶಾಲೆಯ ಪರದೆ ಬರೆಯುವ ಕಲಾವಿದ. ಎಡುಆರ್ಟ್ ರೀಡೆಲ್ ಮೊದಲಾದ ವಾಸ್ತುಶಿಲ್ಪಿಗಳು ಅವನ ಪರದೆಗಳನ್ನು ಕಲ್ಲಿಗೆ ಇಳಿಸಿದವರು. 1869ರ ಸೆಪ್ಟೆಂಬರ್ 5ರಂದು ಅಸ್ತಿಭಾರ ಬಿದ್ದ ಆ ‘ಮಧ್ಯಯುಗದ’ ಕೋಟೆಯಲ್ಲಿ ಬಿಸಿಗಾಳಿಯ ವ್ಯವಸ್ಥೆ, ಅಂತಸ್ತು ಅಂತಸ್ತಿಗೂ ನಲ್ಲಿಯ ನೀರು, ವಿದ್ಯುತ್ ಗಂಟೆ, ಟೆಲಿಫೋನು ಎಲ್ಲವೂ ಇದ್ದುವು. ಸಿಂಹಾಸನದ ಸಭಾಭವನವನ್ನು ಎತ್ತಿ ಹಿಡಿದಿರುವುದು ಉಕ್ಕಿನ ಚೌಕಟ್ಟು. ಪರದೆಯಿಂದ ಕಲ್ಲಿಗೆ ಬಂದ ಕೋಟೆಯು ನೂರಿಪ್ಪತ್ತೈದು ವರ್ಷಗಳ ತರುವಾಯ ಛಾಯಾಚಿತ್ರವಾಗಿ ಮರಳಿ ಪರದೆಯೇ ಆಯಿತು. ಈ ಪರಿಣಾಮವನ್ನು ಜೆನ್ಸನ್ ಉದ್ದೇಶಪೂರ್ವಕವಾಗಿ ಸಾಧಿಸಿದರೆಂದು ಹೇಳಲಾರೆ, ಫಲವಂತೂ ಕಣ್ಣೆದುರಿಗಿದೆ.

ಆಟವು ಆರು ಅಧ್ಯಾಯಗಳುಳ್ಳದ್ದು. ಒಂದರಲ್ಲಿ ಆಟಗಾರನು ಗೇಬ್ರಿಯಲನಾಗಿಯೂ ಮುಂದಿನದರಲ್ಲಿ ಗ್ರೇಸಳಾಗಿಯೂ ನಡೆಯುತ್ತ ಹೋಗಿ, ಕೊನೆಯದರಲ್ಲಿ ಇಬ್ಬರ ದಾರಿಗಳೂ ಕೂಡುವುವು. ಗೇಬ್ರಿಯಲನು ರಿಟರ್ಸ್‌ಬರ್ಗ್ ಎಂಬ ಕಲ್ಪಿತ ಗ್ರಾಮದ ತನ್ನ ಪಿತ್ರಾರ್ಜಿತ ಕೋಟೆಯಲ್ಲಿ ಕುಳಿತು ಹೊಸ ಕಾದಂಬರಿಗಾಗಿ ಒದ್ದಾಡುತ್ತಿರುವಾಗ ಹಳ್ಳಿಯ ಜನರು ದೀವಟಿಗೆ ಹಿಡಿದು ಬಾಗಿಲಿಗೆ ಬರುತ್ತಾರೆ: ಮ್ಯೂನಿಕ್ಕಿನ ಹೊರವಲಯದಲ್ಲಿ ಒಂದು ಎಳೆಯ ಹುಡುಗಿಯನ್ನು ತೋಳವು ಕೊಂದಿದೆ, ಮೃಗಾಲಯದಿಂದ ತಪ್ಪಿಸಿಕೊಂಡ ತೋಳಗಳ ಕೃತ್ಯವೆಂದು ಪೊಲೀಸರು ಹೇಳುತ್ತಾರೆ, ಸತ್ತವಳ ಮನೆಯವರಿಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ. ಇಲ್ಲಿಂದ ನಾಯಕನ ವಿಚಾರಣೆಯು ಟಾಲ್‌ಕಿರ್ಖನ್ ಮೃಗಾಲಯಕ್ಕೂ, ಅಲ್ಲಿಂದ ಪ್ರತಿಷ್ಠಿತರ ಬೇಟೆಯ ಸಂಘವೊಂದಕ್ಕೂ ಹೋಗುವುದು.

ಮೃಗಾಲಯದ ಪ್ರಕರಣವು ಈ ಆಟದ ಬುದ್ಧಿಯ ಸ್ವರೂಪವನ್ನು ತೋರಿಸಬಲ್ಲ ಉತ್ತಮ ನಿದರ್ಶನ. ತೋಳಗಳಿರುವ ಆವರಣಕ್ಕೆ ಅಪರಿಚಿತನನ್ನು ಬಿಡಲು ಅಲ್ಲಿಯ ಅಧಿಕಾರಿಯಾದ ಡಾಕ್ಟರ್ ಕ್ಲಿಂಗ್‌ಮನ್ ಒಪ್ಪುವುದಿಲ್ಲ. ನಾಯಕನ ಕಿಸೆಯಲ್ಲಿ ಒಂದು ಪುಟ್ಟ ಟೇಪ್ ರೆಕಾರ್ಡರ್ ಇದೆ. ಡಾಕ್ಟರರೊಡನೆ ಅದೂ ಇದೂ ಮಾತನಾಡಿ, ಅವರ ನುಡಿಗಳನ್ನೆಲ್ಲ ಟೇಪಿನಲ್ಲಿ ಹಿಡಿದು, ಆಮೇಲೆ ಆ ಟೇಪನ್ನು ಪದಪದವಾಗಿ ತುಂಡರಿಸಿ, ತುಂಡುಗಳನ್ನು ಬೇರೊಂದು ಕ್ರಮದಲ್ಲಿ ಅಂಟಿಸಿ, ನೈಟ್ ಎಂಬಾತನಿಗೆ ನಮ್ಮ ತೋಳಗಳನ್ನು ತೋರಿಸು ಎಂದು ಡಾಕ್ಟರರೇ ಸಹಾಯಕನಿಗೆ ಅಪ್ಪಣೆ ಕೊಟ್ಟಂತೆ ಒಂದು ವಾಕ್ಯವನ್ನು ಆಟಗಾರನು ಕಟ್ಟಬೇಕು. ನಿಜವಾದ ಧ್ವನಿ, ಸುಳ್ಳಾದ ಮಾತು. ಚೂರುಗಳೆಲ್ಲ ಅಸಲಿ, ಜೋಡಣೆ ಮಾತ್ರ ಖೋಟಾ. ಮುಂದೆ ಇಡೀ ಆಟವು ಬವೇರಿಯದ ಇತಿಹಾಸದ ವಿಷಯದಲ್ಲಿ ಏನನ್ನು ಮಾಡಲಿದೆಯೋ ಅದನ್ನು ಆಟಗಾರನ ಕೈಯಿಂದಲೇ ಮೊದಲ ಅಧ್ಯಾಯದಲ್ಲಿ ಮಾಡಿಸಿ ಅಭ್ಯಾಸ ಹಿಡಿಸಿದಂತಾಯಿತು. ಇದಕ್ಕೆ ಹೋಲಿಸಿದರೆ, ಬೇಟೆಯ ಸಂಘದ ದ್ವಾರಪಾಲಕನಂತಿರುವ ಕ್ಸೇವಿಯರನನ್ನು ಅವನ ಮೇಜಿನಿಂದ ಎಬ್ಬಿಸಲು ಕೋಗಿಲೆಗಡಿಯಾರವೊಂದನ್ನು ಕೊಂಡುತಂದು ಕುಂಡದ ಗಿಡದಲ್ಲಿ ಅಡಗಿಸುವ ಉಪಾಯವು ಕೇವಲ ಪ್ರಹಸನ. ಹಕ್ಕಿ ಕೂಗಿತೆಂದು ಆ ಗಂಭೀರ ಮನುಷ್ಯನು ಗಿಡವನ್ನು ತಡಕುತ್ತಿರುವ ಎಡೆಯಲ್ಲಿ ನಾಯಕನು ಒಳಗೆ ನುಸುಳುತ್ತಾನೆ. ಅಡ್ವೆಂಚರ್ ಆಟಗಳಿಗೆ ಈ ಬಗೆಯ ಹುಚ್ಚು ತರ್ಕವು ಹುಟ್ಟುಗುಣವೆಂದು ಆಟಗಾರರು ಮನ್ನಿಸುವುದುಂಟು. ಹತ್ಯೆಯ ತನಿಖೆಯ ನಡುವೆ ಇದು ನನ್ನ ಕಿವಿಗೆ ಅಪಸ್ವರವಾಗಿಯೇ ಕೇಳಿಸುತ್ತದೆ.

ಗ್ರೇಸಳ ಅಧ್ಯಾಯಗಳಲ್ಲಿ ಹವೆಯೇ ಬೇರೆ. ನ್ಯೂ ಆರ್ಲಿಯನ್ಸಿನಲ್ಲಿ ಅಂಗಡಿ ಕಾಯುತ್ತ ಕೂಡಲಾರೆನೆಂದು ಯಾರ ಅಪ್ಪಣೆಯನ್ನೂ ಕಾಯದೆ ಜರ್ಮನಿಗೆ ಹೊರಟುಬಂದ ಆಕೆಯನ್ನು ರಿಟರ್ ಕೋಟೆಯ ಮೇಲ್ವಿಚಾರಕಿಯಾದ ಗೆರ್ಡೆ ಎಂಬ ಯುವತಿಯು ಆದರಿಸುತ್ತಾಳೆ. ಗ್ರೇಸ್ ಮಾತ್ರ ಅವಳೊಡನೆ ಅಸೂಯೆಯಿಂದ ಸಿಡುಕುತ್ತಾಳೆ. ನಾಯಕಿಯನ್ನು ಅಪ್ರಿಯಳನ್ನಾಗಿ ಮಾಡುವ ಎದೆಗಾರಿಕೆಯು ಆ ಕಾಲದ ಆಟಗಳಲ್ಲಿ ಅಪರೂಪ. ಕುಟುಂಬದ ಹಳೆಯ ಕಾಗದಪತ್ರಗಳಲ್ಲಿ ಒಂದು ಕಪ್ಪು ತೋಳದ ಪ್ರಸ್ತಾಪವೂ, ಅದರೊಡನೆ ಬವೇರಿಯದ ದೊರೆಯಾದ ಎರಡನೆಯ ಲೂಡ್ವಿಗನ ಹೆಸರೂ ಅವಳಿಗೆ ದೊರೆಯುವುದು. ಅಲ್ಲಿಂದ ಆಕೆಯ ಕೆಲಸವೆಲ್ಲ ಓದುವುದೇ: ನಾಯ್‌ಶ್ವಾನ್‌ಸ್ಟೈನಿನ ಭಿತ್ತಿಚಿತ್ರಗಳು, ಹೆರೆನ್‌ಖೀಮ್‌ಸೇ ದ್ವೀಪದ ಲೂಡ್ವಿಗ್ ಸಂಗ್ರಹಾಲಯ, ಬೇಯ್‌ರಾಯ್ಟಿನ ವಾಗ್ನರ್ ಸಂಗ್ರಹಾಲಯ, ಷ್ಟಾರ್ನ್‌ಬೆರ್ಗ್ ಸರೋವರದ ದಡ. ಗಾಜಿನ ಪೆಟ್ಟಿಗೆಗಳಲ್ಲಿರುವ ಒಂದೊಂದು ವಸ್ತುವನ್ನೂ ಆಟಗಾರನು ಒತ್ತಿ ನೋಡಿ ಅದರ ವಿವರಣೆಯನ್ನು ಆಲಿಸದಿದ್ದರೆ ಕಥೆ ಮುಂದೆ ಸಾಗುವುದಿಲ್ಲ. ಅನೇಕರಿಗೆ ಇದು ಬೇಸರವನ್ನು ತಂದದ್ದುಂಟು. ಸಂಶೋಧಕನ ದಿನಚರಿಯನ್ನು ಬಲ್ಲವರಿಗೆ ಮಾತ್ರ, ನೂರು ನಿರುಪಯುಕ್ತ ವಸ್ತುಗಳ ನಡುವೆ ಒಂದೇ ಒಂದು ಸಾರ್ಥಕ ವಸ್ತು ಕಣ್ಣಿಗೆ ಬೀಳುವ ಆ ಕ್ಷಣದ ಸುಖವನ್ನು ಬೇರಾವ ಆಟವೂ ಇಷ್ಟು ಯಥಾರ್ಥವಾಗಿ ಕೊಟ್ಟಿಲ್ಲವೆಂದು ತೋರುವುದು ಸಹಜ.

ಲೂಡ್ವಿಗನ ನಿಜಚರಿತ್ರೆಯು ಕಥೆಗಾರರಿಗೆ ತಾನಾಗಿ ಒದಗಿಬಂದ ಭಂಡಾರವೇ ಸರಿ. 1845ರ ಆಗಸ್ಟ್ 25ರಂದು ಹುಟ್ಟಿ, ಹದಿನೈದನೆಯ ವಯಸ್ಸಿನಲ್ಲಿ ವಾಗ್ನರನ ‘ಲೋಹೆನ್‌ಗ್ರಿನ್’ ಗೀತನಾಟಕವನ್ನು ಕಂಡು ಮರುಳಾಗಿ, ಹದಿನೆಂಟನೆಯ ವಯಸ್ಸಿನಲ್ಲಿ, 1864ರಲ್ಲಿ, ಪಟ್ಟಕ್ಕೆ ಬಂದ ಈ ಅರಸನು ಮಾಡಿದ ಮೊದಲ ಕಾರ್ಯಗಳಲ್ಲೊಂದು ಸಾಲಗಾರರಿಗೆ ಹೆದರಿ ತಲೆಮರೆಸಿಕೊಂಡಿದ್ದ ಆ ಸಂಗೀತಗಾರನನ್ನು ಹುಡುಕಿ ಕರೆಸಿದ್ದು. ‘ಟ್ರಿಸ್ಟಾನ್’ 1865ರಲ್ಲಿಯೂ ‘ಮೈಸ್ಟರ್‌ಸಿಂಗರ್’ 1868ರಲ್ಲಿಯೂ ಮ್ಯೂನಿಕ್ಕಿನಲ್ಲಿ ರಂಗವೇರಿದುದು ಅವನ ಆಶ್ರಯದ ಫಲವಾಗಿ. 1866ರ ಯುದ್ಧದಲ್ಲಿ ಪ್ರಷ್ಯಕ್ಕೆ ಸೋತು, 1870ರಲ್ಲಿ ಬಿಸ್ಮಾರ್ಕನ ಕರಡಿನಂತೆ ಪತ್ರ ಬರೆದು ಪ್ರಷ್ಯದ ದೊರೆಗೆ ಸಾಮ್ರಾಟಪದವಿಯನ್ನು ಅರ್ಪಿಸಿದ ಮೇಲೆ, ಅಧಿಕಾರವಿಲ್ಲದ ಅರಸುತನಕ್ಕೆ ಬದಲಾಗಿ ಕಲ್ಪನೆಯ ಅರಸುತನವೊಂದನ್ನು ಅವನು ಕಟ್ಟಿಕೊಂಡನು. ಹಗಲು ನಿದ್ರೆ, ರಾತ್ರಿ ಸಂಚಾರ. ಹಿಮದ ಮೇಲೆ ದೀಪ ಬೆಳಗಿದ ಜಾರುಬಂಡಿಯಲ್ಲಿ ನಡುರಾತ್ರಿಯ ಸವಾರಿ. 1872ರಿಂದ 1885ರ ವರೆಗೆ, ಖಾಲಿ ನಾಟಕಶಾಲೆಯಲ್ಲಿ ತಾನೊಬ್ಬನೇ ಪ್ರೇಕ್ಷಕನಾಗಿ ಕುಳಿತು ಆಡಿಸಿಕೊಂಡ 209 ಪ್ರಯೋಗಗಳು. ಕೋಟೆಕೊತ್ತಲಗಳ ನಿರ್ಮಾಣದಿಂದ 1885ರ ಸುಮಾರಿಗೆ ಸಾಲವು 14 ಮಿಲಿಯನ್ ಮಾರ್ಕುಗಳಿಗೆ ಏರಿದ್ದಿತು. ಅಷ್ಟು ಹಂಬಲಿಸಿ ಕಟ್ಟಿಸಿದ ನಾಯ್‌ಶ್ವಾನ್‌ಸ್ಟೈನಿನಲ್ಲಿ ಅವನು ವಾಸಿಸಿದುದು ಒಟ್ಟು 172 ದಿನಗಳು.

ಅಂತ್ಯವಂತೂ ಯಾವ ಗಾಥಿಕ್ ಕಥೆಗೂ ಕಡಮೆಯದಲ್ಲ. ಮಂತ್ರಿಗಳ ಪ್ರೇರಣೆಯಿಂದ ಬೆರ್ನ್‌ಹಾರ್ಡ್ ಫಾನ್ ಗುಡ್ಡೆನ್ ಎಂಬ ಮನೋವೈದ್ಯನು ಇತರ ಮೂವರು ವೈದ್ಯರೊಡನೆ ಸೇರಿ, ರೋಗಿಯನ್ನು ಪರೀಕ್ಷಿಸದೆ, ಸೇವಕರು ಮೊದಲಾದವರ ಹೇಳಿಕೆಗಳ ಆಧಾರದ ಮೇಲೆಯೇ 1886ರ ಜೂನ್ 8ರಂದು ದೊರೆಯು ಗುಣವಾಗದ ಬುದ್ಧಿವಿಕಾರಕ್ಕೆ ತುತ್ತಾಗಿರುವನೆಂದು ವರದಿಗೆ ರುಜು ಹಾಕಿದನು. 10ರಂದು ಚಿಕ್ಕಪ್ಪನಾದ ಲೂಯಿಟ್‌ಪೋಲ್ಡನು ರಾಜಪ್ರತಿನಿಧಿಯಾದನು. 12ರಂದು ಲೂಡ್ವಿಗನನ್ನು ನಾಯ್‌ಶ್ವಾನ್‌ಸ್ಟೈನಿನಿಂದ ಷ್ಟಾರ್ನ್‌ಬೆರ್ಗ್ ಸರೋವರದ ತೀರದ ಬೆರ್ಗ್ ಭವನಕ್ಕೆ ಒಯ್ದರು. 13ರ ಸಂಜೆ ಅರಸನೂ ವೈದ್ಯನೂ ಕಾವಲುಗಾರರಿಲ್ಲದೆ ದಡದಲ್ಲಿ ಅಡ್ಡಾಡಲು ಹೋದರು. ರಾತ್ರಿ ಇಬ್ಬರ ಹೆಣಗಳೂ ದಡದ ಸಮೀಪದ ಆಳವಿಲ್ಲದ ನೀರಿನಲ್ಲಿ ಸಿಕ್ಕಿದುವು. ಆತ್ಮಹತ್ಯೆಯೋ, ಪಲಾಯನದ ಪ್ರಯತ್ನವೋ, ಕೊಲೆಯೋ ಎಂಬ ಚರ್ಚೆಯು ಅಂದು ಮೊದಲಾದುದು ಇಂದಿಗೂ ತೀರಿಲ್ಲ. ದೇಹವು ಮ್ಯೂನಿಕ್ಕಿನ ಸಂತ ಮೈಕೇಲನ ಇಗರ್ಜಿಯಲ್ಲಿಯೂ, ವಂಶದ ಸಂಪ್ರದಾಯದಂತೆ ಹೃದಯವು ಬೇರೆಯಾಗಿ ಆಲ್ಟೋಟಿಂಗಿನ ಪ್ರಾರ್ಥನಾಮಂದಿರದಲ್ಲಿಯೂ ಇರುವುವು. ಯಾರಿಗೂ ತೋರಿಸಬಾರದೆಂದು ಅರಸನು ಬಯಸಿದ್ದ ಕೋಟೆಯನ್ನು ಏಳು ವಾರಗಳೊಳಗೆ, ಆಗಸ್ಟ್ 1ರಂದು, ಹಣ ಪಡೆದು ಸಾರ್ವಜನಿಕರಿಗೆ ತೆರೆಯಲಾಯಿತು.

ಈ ಚರಿತ್ರೆಯಲ್ಲಿ ಜೆನ್ಸನ್ ಒಂದು ತೇದಿಯನ್ನೂ ತಿದ್ದಲಿಲ್ಲವೆಂಬುದೇ ಅವರ ಕೌಶಲ. ಹಗಲು ಮಲಗಿ ಇರುಳು ತಿರುಗುವ ಅರಸನು ಏಕೆ ಹಾಗಿದ್ದನು, ಮನುಷ್ಯರ ಮುಖ ನೋಡಲು ಏಕೆ ಅಂಜುತ್ತಿದ್ದನು, ವಾಗ್ನರನಿಗೆ ಏಕೆ ಅಷ್ಟು ಹಣ ಸುರಿದನು ಎಂಬ ನಿಜವಾದ ಪ್ರಶ್ನೆಗಳೆಲ್ಲಕ್ಕೂ ಒಂದೇ ಸುಳ್ಳು ಉತ್ತರವನ್ನು ಅವರು ಹೊಂದಿಸಿದರು: ದೊರೆಯನ್ನು ತೋಳಮನುಷ್ಯನು ಕಚ್ಚಿದ್ದನು. ಲೂಡ್ವಿಗನ ವಿಷಯವಾಗಿ ಚಲಚ್ಚಿತ್ರಗಳು ಇದಕ್ಕೆ ಮುಂಚೆಯೇ ಬಂದಿದ್ದುವು. 1955ರಲ್ಲಿ ಹೆಲ್ಮುಟ್ ಕಾಯ್ಟ್ನರನೂ, 1972ರಲ್ಲಿ ಹನ್ಸ್ ಯುರ್ಗನ್ ಸಿಬೆರ್‌ಬೆರ್ಗನೂ, ಮರುವರ್ಷ ಲುಕಿನೊ ವಿಸ್ಕೊಂತಿಯೂ ಅವನನ್ನು ತೆರೆಗೆ ತಂದಿದ್ದರು. ಅವರಿಗೆ ಅರಸನು ದುರಂತನಾಯಕ. ಜೆನ್ಸನ್ನರಿಗೆ ಅವನು ಬಿಡಿಸಬೇಕಾದ ಪಾಠಾಂತರ. ಪರೀಕ್ಷೆಯಿಲ್ಲದೆ ಬರೆದ ಆ ವೈದ್ಯರ ವರದಿಯೇ ಚರಿತ್ರೆಯ ಮೊದಲ ಖೋಟಾ ಜೋಡಣೆಯಲ್ಲವೆ? ಅದರ ಎದುರಿಗೆ ಕಾದಂಬರಿಕಾರ್ತಿಯ ತೋಳವು ಅಷ್ಟೇನೂ ಅಪ್ರಾಮಾಣಿಕವೆನಿಸುವುದಿಲ್ಲ.

ಸುಳ್ಳು ಉತ್ತರಕ್ಕೆ ಸುಳ್ಳು ಸಾಕ್ಷ್ಯವೂ ಬೇಕಲ್ಲವೆ. ಅದು ‘ಡೇರ್ ಫ್ಲೂಖ್ ಡೆಸ್ ಎಂಗಲ್‌ಹಾರ್ಟ್’ ಎಂಬ ಹೆಸರಿನ, ವಾಗ್ನರನು ದೊರೆಗಾಗಿ ಗುಟ್ಟಾಗಿ ರಚಿಸಿ ಬಳಿಕ ಕಳೆದುಹೋಯಿತೆಂದು ಕಥೆಯು ಹೇಳುವ, ಗೀತನಾಟಕ. ಅಂಥ ಕೃತಿಯನ್ನು ವಾಗ್ನರನು ರಚಿಸಲೇ ಇಲ್ಲ. 1882ರಲ್ಲಿ ಬೇಯ್‌ರಾಯ್ಟಿನಲ್ಲಿ ರಂಗವೇರಿದ ‘ಪಾರ್ಸಿಫಾಲ್’ ಅವನ ಕೊನೆಯ ಗೀತನಾಟಕ. 1883ರ ಫೆಬ್ರುವರಿಯಲ್ಲಿ ಅವನು ವೆನಿಸ್ಸಿನಲ್ಲಿ ತೀರಿಕೊಂಡನು. ಆಟದ ಕಥೆಯಂತೆ, ಈ ನಾಟಕದ ಮೂರನೆಯ ಅಂಕದ ಸ್ವರಗಳು ರಂಗಶಾಲೆಯ ಸ್ಫಟಿಕದ ದೀಪಗುಚ್ಛಗಳಲ್ಲಿ ಅನುರಣನಗೊಂಡಾಗ, ಸಭೆಯಲ್ಲಿ ಕುಳಿತ ತೋಳಮನುಷ್ಯನು ತನ್ನ ಮಾನುಷರೂಪವನ್ನು ಹಿಡಿದು ನಿಲ್ಲಿಸಲಾರದೆ ಎಲ್ಲರೆದುರು ಬಯಲಾಗಬೇಕು. ಗ್ರೇಸ್ ಹಸ್ತಪ್ರತಿಯ ತುಣುಕುಗಳನ್ನು ಒಂದೊಂದಾಗಿ ಹುಡುಕಿ ತಂದು ನಾಟಕವನ್ನು ನೂರು ವರ್ಷಗಳ ಅನಂತರ ಆಡಿಸುತ್ತಾಳೆ. ಈ ಹೊತ್ತಿಗೆ ಗೇಬ್ರಿಯಲನೂ ಕಚ್ಚಿಸಿಕೊಂಡು ರೂಪಾಂತರದ ಅಂಚಿನಲ್ಲಿದ್ದಾನೆ.

ಮೆಚ್ಚಬೇಕಾದುದೆಂದರೆ ಈ ಸುಳ್ಳು ಸಾಕ್ಷ್ಯವನ್ನು ಆಟವು ಬಾಯಿಮಾತಿನಲ್ಲಿ ಬಿಡಲಿಲ್ಲ. ಎರಡು ಆಟಗಳ ಸಂಗೀತ ನಿರ್ದೇಶಕನೂ ಮುಂದೆ ಜೆನ್ಸನ್ನರ ಪತಿಯೂ ಆದ ರಾಬರ್ಟ್ ಹೋಮ್ಸ್ ಆ ಗೀತನಾಟಕದ ಭಾಗಗಳನ್ನು ವಾಗ್ನರನ ಧಾಟಿಯಲ್ಲಿ ನಿಜವಾಗಿಯೇ ರಚಿಸಿದನು. ಗಾಯಕರು ವೇಷತೊಟ್ಟು ರಂಗದ ಮೇಲೆ ಜರ್ಮನ್ ಭಾಷೆಯಲ್ಲಿ ಹಾಡುತ್ತಾರೆ. ಕೆಲವು ನಿಮಿಷಗಳ ಕಾಲ ಆಟಗಾರನಿಗೆ ಕೇಳುವುದಲ್ಲದೆ ಬೇರೆ ಕೆಲಸವಿಲ್ಲ. ವಾಗ್ನರನ ಸಂಗೀತವನ್ನು ಬಲ್ಲವರು ಇದರಲ್ಲಿ ಅನುಕರಣೆಯ ತೆಳುತನವನ್ನು ಗುರುತಿಸದಿರಲಾರರು: ವಾದ್ಯಗಳ ಗಾತ್ರ ಸಾಲದು, ಸ್ವರಗಳ ಅಲೆದಾಟವು ಆ ಮಹಾಶಯನದಷ್ಟು ದೂರ ಹೋಗದೆ ಬೇಗನೆ ಮನೆಗೆ ಮರಳುವುದು. ಇಷ್ಟಾದರೂ, ಹಸ್ತಪ್ರತಿಯಿದೆಯೆಂದು ಮುನ್ನುಡಿಯಲ್ಲಿ ಹೇಳಿ ಸುಮ್ಮನಾದ ವಾಲ್ಪೋಲನಿಗಿಂತ ಇವರು ಒಂದು ಹೆಜ್ಜೆ ಮುಂದೆ ಹೋಗಿ ಹಸ್ತಪ್ರತಿಯನ್ನೇ ಸೃಷ್ಟಿಸಿ ತೋರಿಸಿದರೆಂಬುದನ್ನು ಒಪ್ಪಬೇಕು.

ತೋಳಮನುಷ್ಯನ ವಿಷಯವಾಗಿ ಎರಡು ಮಾತು ಹೇಳದಿದ್ದರೆ ಲೇಖನವು ಅಪೂರ್ಣವಾಗುವುದು. ಜರ್ಮನ್ ನಾಡಿನಲ್ಲಿ ಈ ನಂಬಿಕೆಗೆ ನೆತ್ತರಿನ ಚರಿತ್ರೆಯಿದೆ; 1589ರಲ್ಲಿ ಕಲೋನಿನ ಸಮೀಪದ ಬೆಡ್‌ಬುರ್ಗ್ ಎಂಬಲ್ಲಿ ಪೀಟರ್ ಷ್ಟುಂಪ್ ಎಂಬ ರೈತನನ್ನು ತೋಳರೂಪದಲ್ಲಿ ಕೊಲೆಗಳನ್ನು ಮಾಡಿದನೆಂದು ಚಿತ್ರಹಿಂಸೆಯಿಂದ ಒಪ್ಪಿಸಿ ಕೊಂದರು. ಫ್ರಾನ್ಸಿನ ಝೆವೊಡಾನ್ ಪ್ರಾಂತವನ್ನು 1764ರಿಂದ 1767ರ ವರೆಗೆ ನಡುಗಿಸಿದ ಮೃಗದ ಹಾವಳಿಯು ಮೊದಲಾದುದು ‘ಒಟ್ರಾಂಟೊ’ ಅಚ್ಚಾದ ವರ್ಷದಲ್ಲಿಯೇ. ಆದರೆ ಇಪ್ಪತ್ತನೆಯ ಶತಮಾನದ ಪ್ರೇಕ್ಷಕನು ಬಲ್ಲ ತೋಳಮನುಷ್ಯನ ಚಹರೆಯು ಹೆಚ್ಚಾಗಿ 1941ರ ‘ದ ವುಲ್ಫ್ ಮ್ಯಾನ್’ ಚಿತ್ರದ್ದು. ಅದನ್ನು ಬರೆದ ಕರ್ಟ್ ಸಿಯೊಡ್ಮಾಕ್ ನಾಜಿಗಳಿಗೆ ಹೆದರಿ ಜರ್ಮನಿಯನ್ನು ಬಿಟ್ಟ ಯೆಹೂದಿ ಲೇಖಕ. ಅಲ್ಲಿಯ ತೋಳಮನುಷ್ಯನು ತನ್ನ ಸ್ಥಿತಿಗೆ ಹೇಸಿ ಮರುಗುವ ನಿರ್ದೋಷಿ. ಜೆನ್ಸನ್ನರ ಬ್ಯಾರನ್ ಫಾನ್ ಗ್ಲೋವರನಲ್ಲಿ ಈ ಮರುಕದ ಲೇಶವೂ ಇಲ್ಲ. ಆತನು ಸುಸಂಸ್ಕೃತ, ಮಿತಭಾಷಿ, ಆತಿಥೇಯ. ಮನುಷ್ಯನೊಳಗಿನ ಮೃಗವನ್ನು ನಾಗರಿಕತೆಯು ಪಂಜರದಲ್ಲಿಟ್ಟು ಕೊಲ್ಲುತ್ತಿದೆಯೆಂಬುದು ಅವನ ಸಿದ್ಧಾಂತ. ಬೇಟೆಯ ಸಂಘವು ಆ ಸಿದ್ಧಾಂತದ ಮಠ. ಪೀಟರ್ ಲೂಕಸನ ಅಭಿನಯವು ಇಡೀ ಆಟದಲ್ಲಿ ಶ್ರೇಷ್ಠವಾದುದು. ನಾಯಕನ ಪಾತ್ರಧಾರಿಯು ಅಲ್ಲಲ್ಲಿ ಮಂಕಾಗಿ ಕಾಣುವುದು ಇವನ ಮಗ್ಗುಲಲ್ಲಿ ನಿಂತಾಗಲೇ.

ಬ್ಯಾರನನಿಗೂ ಗೇಬ್ರಿಯಲನಿಗೂ ನಡುವೆ ಬೆಳೆಯುವ ಸ್ನೇಹದಲ್ಲಿ ಸ್ನೇಹಕ್ಕಿಂತ ಗಾಢವಾದ ಒಂದು ಆಕರ್ಷಣೆಯಿರುವುದನ್ನು ಗಮನಿಸದ ಆಟಗಾರನಿಲ್ಲ. ಆಟವು ಅದನ್ನು ಹೆಸರಿಟ್ಟು ಕರೆಯುವುದಿಲ್ಲ. ನೋಟಗಳಲ್ಲಿಯೂ ಮೌನಗಳಲ್ಲಿಯೂ ಬಿಟ್ಟುಬಿಡುತ್ತದೆ. ನಿಜವಾದ ಲೂಡ್ವಿಗನಿಗೆ ಪುರುಷರಲ್ಲಿ ಅನುರಾಗವಿದ್ದಿತೆಂಬುದೂ, ಅದನ್ನು ಪಾಪವೆಂದು ಬಗೆದು ಅವನು ದಿನಚರಿಯಲ್ಲಿ ಶಪಥಗಳ ಮೇಲೆ ಶಪಥಗಳನ್ನು ಬರೆದುಕೊಂಡು ನವೆದನೆಂಬುದೂ ಚರಿತ್ರಕಾರರು ಒಪ್ಪಿರುವ ಸಂಗತಿಗಳು. ಮುಚ್ಚಿಡಬೇಕಾದ ಸ್ವಭಾವವೊಂದು ರಾತ್ರಿಯಲ್ಲಿ ಮಾತ್ರ ಹೊರಬರುವುದೆಂಬ ತೋಳದ ರೂಪಕವು ಈ ಸಂಗತಿಗೆ ಎಷ್ಟು ಸಮೀಪವೆಂದರೆ, ಅರಸನ ಅನುರಾಗವನ್ನೇ ಶಾಪವೆಂದು ಕೃತಿಯು ಸೂಚಿಸಿದಂತಾಗುವ ಅಪಾಯವಿದೆ. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾರೆನಾದರೂ, ಆಟದಲ್ಲಿ ಅತ್ಯಂತ ಮನುಷ್ಯರಾಗಿ ಕಾಣುವವರು ಲೂಡ್ವಿಗನೂ ಬ್ಯಾರನನೂ ಎಂಬುದನ್ನು ಅದರ ಎದುರಿಗೆ ಇರಿಸಬಹುದು. ಕೊನೆಯ ಬೇಟೆಯು ರಂಗಶಾಲೆಯ ನೆಲಮಾಳಿಗೆಯಲ್ಲಿ, ಉರಿಯುವ ಕುಲುಮೆಯ ಬಳಿ, ಎರಡು ತೋಳಗಳ ನಡುವೆ ನಡೆದು ಬ್ಯಾರನನು ಮಡಿದಾಗ, ಗೆದ್ದವರ ಮುಖದಲ್ಲಿ ಜಯದ ಸಂತೋಷವಿಲ್ಲ.

1996ರಲ್ಲಿ ‘ಕಂಪ್ಯೂಟರ್ ಗೇಮಿಂಗ್ ವರ್ಲ್ಡ್’ ಪತ್ರಿಕೆಯು ಇದನ್ನು ವರ್ಷದ ಶ್ರೇಷ್ಠ ಆಟವೆಂದು ಆರಿಸಿತು. ಆದರೆ ಅದು ಅನುಸರಿಸಿದ ದಾರಿಯೇ ಬೇಗ ಮುಚ್ಚಿಹೋಯಿತು. ನಟರು, ಕ್ಯಾಮೆರಾ, ಬಿಲ್ಲೆಗಳ ರಾಶಿ, ಇವೆಲ್ಲಕ್ಕೂ ಹಣ ಹೆಚ್ಚು. ಒಮ್ಮೆ ಚಿತ್ರಿಸಿದ ಮೇಲೆ ಒಂದು ಮಾತನ್ನೂ ಬದಲಾಯಿಸಲಾಗದು. ಅಷ್ಟರಲ್ಲಿ ಮೂರು ಆಯಾಮಗಳ ಚಿತ್ರಣವು ಆಟಗಾರರ ಮನಸ್ಸನ್ನು ಸೂರೆಗೊಂಡಿತು. 1999ರಲ್ಲಿ ಬಂದ ಮೂರನೆಯ ಭಾಗವು ಫ್ರಾನ್ಸಿನ ರೆನ್ ಲ ಷಾಟೋ ಗ್ರಾಮವನ್ನು ಆ ಹೊಸ ಕ್ರಮದಲ್ಲಿಯೇ ಚಿತ್ರಿಸಿತು. ಸಿಯೆರಾ ಸಂಸ್ಥೆಯು 1996ರಲ್ಲಿ ಬೇರೆಯವರ ಕೈಗೆ ಮಾರಾಟವಾಗಿ, 1999ರ ಫೆಬ್ರುವರಿಯಲ್ಲಿ ಓಕ್‌ಹರ್ಸ್ಟಿನ ಅದರ ಹಳೆಯ ಕಾರ್ಯಾಲಯವು ಮುಚ್ಚಿತು. 2014ರಲ್ಲಿ ಮೊದಲನೆಯ ಭಾಗವನ್ನು ಹೊಸ ಚಿತ್ರಗಳೊಡನೆ ಮತ್ತೆ ಕಟ್ಟಿದರು. ಎರಡನೆಯದನ್ನು ಹಾಗೆ ಕಟ್ಟುವುದು ಸುಲಭಸಾಧ್ಯವಲ್ಲ, ಏಕೆಂದರೆ ಅದರ ಶರೀರವೆಲ್ಲ 1995ರಲ್ಲಿ ಬದುಕಿದ್ದ ಮನುಷ್ಯರ ಮುಖಗಳು.

ಕಥೆಯನ್ನು ಮಾತ್ರ ಜೆನ್ಸನ್ 1998ರಲ್ಲಿ ಕಾದಂಬರಿಯಾಗಿ ಬರೆದು ಪ್ರಕಟಿಸಿದರು. ಮೃಗಾಲಯ, ಸಂಗ್ರಹಾಲಯ, ಸರೋವರ ಎಲ್ಲವೂ ಅಚ್ಚಿನ ಅಕ್ಷರಕ್ಕೆ ನಿರಾಯಾಸವಾಗಿ ಬಗ್ಗುವಂಥವು. ಹೋಮ್ಸನ ರಚನೆಯು ಮಾತ್ರ ಹಾಗಲ್ಲ. ಮೂರನೆಯ ಅಂಕದ ಸ್ವರಗಳು ಸ್ಫಟಿಕವನ್ನು ಮುಟ್ಟಿ ಬ್ಯಾರನನ ಕೈ ನಡುಗುವ ಆ ಗಳಿಗೆಯನ್ನು ಕೇಳಬೇಕೆಂಬವರು ಇಂದಿಗೂ ಗೀರುಗೆರೆಗಳ ಆ ಹಳೆಯ ಆಟದ ಆರನೆಯ ಅಧ್ಯಾಯದ ವರೆಗೆ ಆಡಿಕೊಂಡೇ ಹೋಗಬೇಕು.